ಕಂಬ ಹತ್ತುವ ಕೆಲಸವಲ್ಲ, ಕರೆಂಟಿನ ಲೆಕ್ಕದ ಕೆಲಸ



ಮಿಕ್ಸಿಗೆ ತೆಂಗಿನಕಾಯಿ ಹಾಕಿದ ಹೊತ್ತಿಗೇ ಕರೆಂಟು ಹೋದರೆ ನಮ್ಮ ಬಾಯಿಂದ ಮೊದಲು ಬರುವ ಮಾತು, 'ಮೆಸ್ಕಾಂನವರು ತೆಗೆದರು' ಎಂಬುದು. ಬಿಜೈಯಲ್ಲಿರುವ ನಾವು ಆ ಮಾತು ಹೇಳುವಾಗ ಕೈಯನ್ನೂ ಅತ್ತ ಕಡೆಗೆ ತೋರಿಸುತ್ತೇವೆ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಈ ನಾಲ್ಕು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಮೆಸ್ಕಾಂನ ಪ್ರಧಾನ ಕಚೇರಿ ಇರುವುದು ನಮ್ಮ ಬಿಜೈಯಲ್ಲೇ ತಾನೇ?

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಉಮ್ಮ ಮನೆಗೆ ಬಂದಿದ್ದರು. ಮಗಳು ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ, ಸಿಇಟಿಯೂ ಆಗಿದೆ. ಸೀಟಿನ ಆಯ್ಕೆ ಬರೆದು ಮುಗಿಸಲು ಉಳಿದದ್ದು ಒಂದೇ ವಾರ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಎನ್ನುತ್ತಿದ್ದರೆ ಅವಳಿಗೆ ಮಾತ್ರ ಎಲೆಕ್ಟ್ರಿಕಲ್ ಬೇಕು.

"ಟೀಚರೇ, ನೀವಾದರೂ ಬುದ್ಧಿ ಹೇಳಿ. ಕಂಬ ಹತ್ತುವ ಕೆಲಸ ಹೆಣ್ಣುಮಕ್ಕಳಿಗೆ ಆಗ್ತದಾ?"

"ಕಂಬ ಹತ್ತುವುದಲ್ಲ ಉಮ್ಮಾ, ಜನರೇಟರಿನ ಮಾಡೆಲಿಂಗ್" ಎಂದಳು ಹುಡುಗಿ.

"ಮಾಡೆಲಿಂಗಾ!" ಎಂದು ಆ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. ನಗು ತಡೆಯಲು ನನಗೆ ಕಷ್ಟವಾಯಿತು. ಆದರೆ ನಿಜ ಹೇಳಬೇಕೆಂದರೆ ಆ ಮಾತಿನ ಅರ್ಥ ನನಗೂ ಗೊತ್ತಿರಲಿಲ್ಲ. ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು ನಾನು. ಗೊತ್ತಿಲ್ಲದ ವಿಷಯದಲ್ಲಿ ಒಂದು ಹುಡುಗಿಯ ಭವಿಷ್ಯದ ಬಗ್ಗೆ ಬಾಯಿಗೆ ಬಂದಂತೆ ತೀರ್ಪು ಹೇಳಬಹುದೇ? ಎರಡು ದಿನ ಸಮಯ ಕೇಳಿದೆ. ಓದಿದೆ, ಬಲ್ಲವರನ್ನು ವಿಚಾರಿಸಿದೆ. ತಿಳಿದುಕೊಂಡದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ.

ಅಕ್ಕಿಯನ್ನು ಡಬ್ಬದಲ್ಲಿ ತುಂಬಿಡುವಂತೆ ಇಡೀ ನಾಡಿನ ವಿದ್ಯುತ್ತನ್ನು ತುಂಬಿಡಲು ಆಗುವುದಿಲ್ಲ. ನಾವೆಲ್ಲ ಈ ಕ್ಷಣ ಎಷ್ಟು ಬಳಸುತ್ತೇವೆಯೋ ಹೆಚ್ಚುಕಡಿಮೆ ಅಷ್ಟೇ ಈ ಕ್ಷಣದಲ್ಲಿ ತಯಾರಾಗಬೇಕು. ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ ಭೂಗರ್ಭದಲ್ಲಿರುವ 460 ಮೆಗಾವ್ಯಾಟ್‌ನ ವಾರಾಹಿ, 1035 ಮೆಗಾವ್ಯಾಟ್‌ನ ಶರಾವತಿ, 880 ಮೆಗಾವ್ಯಾಟ್‌ನ ಕೈಗಾ, ಪಡುಬಿದ್ರಿ ಬಳಿಯ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇವೆಲ್ಲವೂ ಒಂದೇ ಜಾಲಕ್ಕೆ ಸೇರಿವೆ. ಜಾಲದಲ್ಲಿರುವ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗಬೇಕು. ಆ ತಾಳಕ್ಕೆ ಆವರ್ತನ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50, ಅಂದರೆ 50 ಹರ್ಟ್ಸ್. ಅದನ್ನು 49.90ರಿಂದ 50.05ರೊಳಗೆ ಕಾಯ್ದುಕೊಳ್ಳಬೇಕೆಂಬುದು ನಿಯಮ.

ನಿಮ್ಮ ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇದೆಯೇ? ಹಾಗಾದರೆ ಉಳಿದದ್ದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ತೆಳ್ಳನೆಯ ಬಟ್ಟೆ ಹೊಲಿಯುತ್ತಿರುವಾಗ ನಡುವೆ ದಪ್ಪ ಮಡಿಕೆ ಬಂದರೆ ಚಕ್ರ ನಿಧಾನವಾಗುತ್ತದೆ. ಕೂಡಲೇ ನೀವು ಕಾಲಿಗೆ ಬಲ ಕೊಡುತ್ತೀರಿ. ಸಂಜೆ ಎಲ್ಲ ಮನೆಗಳಲ್ಲಿ ಒಟ್ಟಿಗೆ ದೀಪ ಹತ್ತಿದಾಗ ಜನರೇಟರಿಗೂ ಹೀಗೆಯೇ ಆಗುತ್ತದೆ. ಅಲ್ಲಿ ಕಾಲಿನ ಕೆಲಸ ಮಾಡುವುದು ಗವರ್ನರ್ ಎಂಬ ಉಪಕರಣ. ವಾರಾಹಿಯಲ್ಲಿ ಅದು ನೀರಿನ ದಾರಿಯನ್ನು ಇನ್ನಷ್ಟು ತೆರೆಯುತ್ತದೆ, ಕಲ್ಲಿದ್ದಲು ಸ್ಥಾವರದಲ್ಲಿ ಹಬೆಯ ದಾರಿಯನ್ನು. ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳಲು ಎಕ್ಸೈಟರ್ ಎಂಬ ಇನ್ನೊಂದು ವ್ಯವಸ್ಥೆ ಇದೆ. ನೀವು ಕಾಲು ನಿಲ್ಲಿಸಿದರೂ ಚಕ್ರ ತನ್ನ ಭಾರದಿಂದ ಸ್ವಲ್ಪ ಹೊತ್ತು ತಿರುಗುತ್ತದಲ್ಲವೇ? ಜನರೇಟರಿನ ಭಾರವಾದ ಚಕ್ರಕ್ಕೂ ಆ ಗುಣವಿದೆ. ಅಪಾಯದ ಹೊತ್ತಿನಲ್ಲಿ ನಾಡಿಗೆ ಸಿಗುವ ಕೆಲವು ಸೆಕೆಂಡುಗಳ ಉಸಿರು ಅದು.

ಇನ್ನು ಈ ಮಾಡೆಲಿಂಗ್ ಏನು? ಕೈಗಾದ ಒಂದು ಘಟಕ ತಟ್ಟನೆ ನಿಂತರೆ ಉಳಿದವು ತಾಳಿಕೊಳ್ಳುತ್ತವೆಯೇ ಎಂದು ನೋಡಲು ನಿಜವಾಗಿ ಅದನ್ನು ನಿಲ್ಲಿಸಿ ಪರೀಕ್ಷೆ ಮಾಡಲಾದೀತೇ? ಆದ್ದರಿಂದ ಎಂಜಿನಿಯರರು ಪ್ರತಿಯೊಂದು ಜನರೇಟರನ್ನೂ ಗಣಿತದ ಸಮೀಕರಣಗಳಾಗಿ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಚಕ್ರದ ಭಾರ ಎಷ್ಟು, ಗವರ್ನರ್ ಎಷ್ಟು ಸೆಕೆಂಡಿನಲ್ಲಿ ಸ್ಪಂದಿಸುತ್ತದೆ, ಎಕ್ಸೈಟರ್ ಎಷ್ಟು ಚುರುಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆಮೇಲೆ ಪರದೆಯ ಮೇಲೆ ಒಂದು ದೊಡ್ಡ ತಂತಿಯನ್ನು ಕಡಿದು ನೋಡುತ್ತಾರೆ, ಒಂದು ಘಟಕವನ್ನು ನಿಲ್ಲಿಸಿ ನೋಡುತ್ತಾರೆ. ಎಲ್ಲಿ ದುರ್ಬಲವೋ ಅಲ್ಲಿ ಮೊದಲೇ ಭದ್ರ ಮಾಡುತ್ತಾರೆ. ಬೆಂಗಳೂರಿನಲ್ಲೇ ರೂಪುಗೊಂಡ ಮೈಪವರ್‌ನಂಥ ತಂತ್ರಾಂಶಗಳೂ ಇದಕ್ಕೆಂದೇ ಇವೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ? 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದಲ್ಲಿ ಬಿಸಿಲಿಗೆ ಜೋತುಬಿದ್ದ ತಂತಿಗಳು ಮರಗಳಿಗೆ ತಗಲಿ, ಜಾಲವೇ ತೂಗಾಡಿ ನಾಲ್ಕು ತುಂಡಾಯಿತು. ಸುಮಾರು 75 ಲಕ್ಷ ಗ್ರಾಹಕರು ಕತ್ತಲೆಯಲ್ಲುಳಿದರು. ಅಂದಿನ ಘಟನೆಯನ್ನೇ ಕಂಪ್ಯೂಟರಿಗೆ ಹಾಕಿ ನೋಡಿದಾಗ ಎಂಜಿನಿಯರರು ಬೆಚ್ಚಿಬಿದ್ದರು. ಅಲ್ಲಿದ್ದ ಮಾಡೆಲ್‌ಗಳ ಪ್ರಕಾರ ಏನೂ ಆಗಬಾರದಿತ್ತು, ಜಾಲ ಸ್ಥಿರವಾಗಿಯೇ ಇರಬೇಕಿತ್ತು! ಕಾಗದದ ಮೇಲಿನ ಜನರೇಟರು ಬೇರೆ, ಸ್ಥಾವರದಲ್ಲಿ ತಿರುಗುವ ಜನರೇಟರು ಬೇರೆಯಾಗಿತ್ತು. ಅದರ ನಂತರ ಅಲ್ಲಿ ಒಂದೊಂದು ಜನರೇಟರನ್ನೂ ಪರೀಕ್ಷಿಸಿ ಮಾಡೆಲ್ ತಿದ್ದುವ ನಿಯಮ ಬಂತು. ನಮ್ಮಲ್ಲೂ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಹೊಸ ಗ್ರಿಡ್ ಸಂಹಿತೆ ಇಂಥ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕು ಎನ್ನುತ್ತದೆ. ಎಂಜಿನಿಯರು ಸ್ಥಾವರಕ್ಕೆ ಹೋಗಿ ಯಂತ್ರಕ್ಕೆ ವೋಲ್ಟೇಜಿನ ಸಣ್ಣದೊಂದು ತಟ್ಟು ಕೊಟ್ಟು, ಅದು ಹೇಗೆ ಸ್ಪಂದಿಸಿತೆಂದು ದಾಖಲಿಸಿಕೊಳ್ಳುತ್ತಾರೆ. ಆ ಗೆರೆಯೂ ಕಂಪ್ಯೂಟರಿನ ಗೆರೆಯೂ ಒಂದಾಗದಿದ್ದರೆ ಯಾವ ಅಂಕಿ ತಪ್ಪೆಂದು ಹುಡುಕುತ್ತಾರೆ.

2012ರ ಜುಲೈ 30 ಮತ್ತು 31 ನಿಮಗೆ ನೆನಪಿರಬಹುದು. ಮೊದಲ ದಿನ ಉತ್ತರ ಭಾರತದ ಜಾಲ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದವು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶದಲ್ಲಿ ಕರೆಂಟಿಲ್ಲ, ರೈಲುಗಳು ದಾರಿಯಲ್ಲೇ ನಿಂತವು. ಆದರೆ ದಕ್ಷಿಣದ ನಮಗೆ ಅದು ತಟ್ಟಲಿಲ್ಲ. ಆಗ ನಮ್ಮ ಜಾಲ ಬೇರೆಯೇ ತಾಳದಲ್ಲಿ ತಿರುಗುತ್ತಿತ್ತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಸೇರಿತು. ಇದು ಕೂಡುಕುಟುಂಬದಂತೆ. ಕಷ್ಟದಲ್ಲಿ ಹತ್ತು ಕೈಗಳು ನೆರವಿಗೆ ಬರುತ್ತವೆ, ಒಬ್ಬರ ಎಡವಟ್ಟು ಎಲ್ಲರ ಮನೆಬಾಗಿಲಿಗೂ ಬರುತ್ತದೆ. ಆದ್ದರಿಂದಲೇ ಲೆಕ್ಕ ಇಡುವವರ ಜವಾಬ್ದಾರಿ ಈಗ ಇನ್ನೂ ಹೆಚ್ಚು.

ಸೂರ್ಯನ ಬೆಳಕಿನಿಂದ ಬರುವ ವಿದ್ಯುತ್ತು ಇದಕ್ಕೆ ಹೊಸ ಪಾಠ ಸೇರಿಸಿದೆ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2050 ಮೆಗಾವ್ಯಾಟ್. ಆದರೆ ಸೋಲಾರ್ ಫಲಕಕ್ಕೆ ತಿರುಗುವ ಚಕ್ರವಿಲ್ಲ. ಅದರ ನಡತೆಯನ್ನು ತೀರ್ಮಾನಿಸುವುದು ಇನ್ವರ್ಟರಿನೊಳಗಿನ ತಂತ್ರಾಂಶ. ಅದಕ್ಕೂ ಮಾಡೆಲ್ ಬೇಕು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ, ಒಂದರ ಹಿಂದೊಂದು ವಿದ್ಯುತ್ ಘಟಕಗಳು ಜಾಲದಿಂದ ಕಳಚಿಕೊಂಡು ಎರಡೂ ದೇಶಗಳು ಕತ್ತಲಾದವು. ಈ ವಿದ್ಯೆ ಬಲ್ಲವರಿಗೆ ಮುಂದೆ ಕೆಲಸ ಕಡಿಮೆಯಾಗದು ಎಂದು ನನಗನ್ನಿಸುತ್ತದೆ.

ಮೂರನೆಯ ದಿನ ಆ ತಾಯಿ ಮತ್ತೆ ಬಂದರು. ಇಷ್ಟೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, ಕೊನೆಗೆ ತಮ್ಮ ಮನಸ್ಸಿನಲ್ಲಿದ್ದ ಮಾತು ತೆಗೆದರು. "ಮದುವೆಯಾಗಿ ಮಕ್ಕಳಾದ ಮೇಲೆ ಇದೆಲ್ಲ ನಡೀತದಾ ಟೀಚರೇ?"

ಆಗ ಅವರಿಗೆ ಎ. ಲಲಿತಾ ಅವರ ಕಥೆ ಹೇಳಿದೆ. ಮದ್ರಾಸಿನ ಆ ಹೆಣ್ಣುಮಗಳಿಗೆ 15ನೇ ವಯಸ್ಸಿನಲ್ಲಿ ಮದುವೆ. 18ಕ್ಕೆ ವಿಧವೆ. ಮಡಿಲಲ್ಲಿ ನಾಲ್ಕು ತಿಂಗಳ ಮಗಳು. ತಂದೆಯ ಬೆಂಬಲದಿಂದ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರು. ಪ್ರಮಾಣಪತ್ರದಲ್ಲಿ ಅಚ್ಚಾಗಿದ್ದ 'ಅವನು' ಎಂಬುದನ್ನು ಹೊಡೆದು 'ಅವಳು' ಎಂದು ಕೈಯಲ್ಲಿ ಬರೆಯಬೇಕಾಯಿತಂತೆ! ಮುಂದೆ ಕಲ್ಕತ್ತದ ಕಂಪೆನಿಯಲ್ಲಿದ್ದು ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲಿ ಪಾಲ್ಗೊಂಡರು, ಮಗಳನ್ನೂ ಬೆಳೆಸಿದರು.

ಕಷ್ಟವನ್ನೂ ಮುಚ್ಚಿಡಲಿಲ್ಲ. ಗಣಿತದಲ್ಲಿ ಒಲವಿಲ್ಲದವರಿಗೆ ಈ ದಾರಿ ಬೇಡ. ಬಿ.ಇ. ಆದ ಮೇಲೆ ಪವರ್ ಸಿಸ್ಟಮ್ಸ್‌ನಲ್ಲಿ ಎಂ.ಟೆಕ್. ಮಾಡಿದರೆ ಒಳ್ಳೆಯದು. ಗೇಟ್ ಪರೀಕ್ಷೆಯ ಅಂಕ ಹಲವು ಬಾಗಿಲು ತೆರೆಯುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ವಿಭಾಗವಿದೆ, ಆದರೆ ಅಲ್ಲಿಗೆ ಸಿಇಟಿ ಸಾಲದು, ಜೆಇಇ ಬರೆಯಬೇಕು. ಸ್ಥಾವರಗಳು ಕಾಡುಮೇಡುಗಳಲ್ಲಿರುವುದರಿಂದ ಪರೀಕ್ಷೆಗಾಗಿ ಆಗಾಗ ಪ್ರಯಾಣವಿರುತ್ತದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ ರಾತ್ರಿ ಪಾಳಿಯೂ ಇದೆ. ಆದರೆ ಕೆಲಸದ ದೊಡ್ಡ ಪಾಲು ಕಂಪ್ಯೂಟರಿನ ಮುಂದೆ ಕುಳಿತು ಮಾಡುವಂಥದ್ದು.

ಅಂದು ರಾತ್ರಿ ಗಲ್ಫಿನಲ್ಲಿರುವ ಉಪ್ಪನಿಗೆ ಫೋನ್ ಹೋಯಿತು. ಅವರು ಮಗಳನ್ನು ಕೇಳಿದ್ದು ಒಂದೇ ಮಾತು, "ನಿನಗೆ ಗಣಿತ ಇಷ್ಟವಾ, ಇಲ್ಲ ಹಟವಾ?" ಇಷ್ಟ ಎಂದಳಂತೆ. ಮೊದಲ ಆಯ್ಕೆ ಎಲೆಕ್ಟ್ರಿಕಲ್ ಎಂದೇ ಬರೆದಾಗಿದೆ. ಸೀಟಿನ ಫಲಿತಾಂಶ ಇನ್ನೂ ಬರಬೇಕಷ್ಟೆ.

ಸಹೋದರಿಯರೇ, ನಿಮ್ಮ ಮಗಳೂ ನಾಳೆ ನೀವು ಕೇಳಿರದ ಒಂದು ವಿದ್ಯೆಯ ಹೆಸರು ಹೇಳಬಹುದು. 'ಬೇಡ' ಎನ್ನುವ ಮೊದಲು ಎರಡು ದಿನ ಸಮಯ ಕೇಳಿ. ಅದು ಏನೆಂದು ಅವಳಿಂದಲೇ ಹೇಳಿಸಿ. ನಿಮಗೆ ಅರ್ಥವಾಗುವಂತೆ ಹೇಳಬಲ್ಲಳಾದರೆ ಅವಳಿಗೆ ಅದು ನಿಜವಾಗಿ ಬೇಕು ಎಂದು ತಿಳಿಯಿರಿ.

ಇನ್ನು ಮುಂದೆ ಕರೆಂಟು ಹೋದಾಗ ಬಿಜೈಯ ಕಚೇರಿಯನ್ನು ಬೈಯುವ ಮುನ್ನ ಹೊರಗೊಮ್ಮೆ ನೋಡಿ. ನಮ್ಮ ಊರಿನ ಮಳೆಗಾಲದಲ್ಲಿ ಹೆಚ್ಚಿನ ಸಲ ತಂತಿಯ ಮೇಲೆ ಬಿದ್ದ ಮರದ ಕೊಂಬೆಯೇ ಕಾರಣ. ಸುರಿವ ಮಳೆಯಲ್ಲಿ ಕಂಬ ಹತ್ತಿ ಅದನ್ನು ಸರಿಮಾಡುವ ಲೈನ್‌ಮನ್ ಕೂಡ ಯಾರದೋ ಮಗ. ಅವನ ಶ್ರಮವೂ ಬೇಕು, ಎಲ್ಲೋ ಕುಳಿತು ಲೆಕ್ಕ ತಿದ್ದುವವಳ ಶ್ರಮವೂ ಬೇಕು.