ಯಕೃತ್ತಿನ ಕಾವಲುಗಾರರು

ಕೊಡಗಿನ ಹಾರಂಗಿ ಜಲಾಶಯವು ತುಂಬಿ ನಿಂತಾಗ ನೋಡಲು ಹೋದವರಿಗೆ ಕಾಣುವುದು ನೀರು ಮಾತ್ರ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದಾಗ ಹೊಳೆಗಳು ಹೊತ್ತು ತಂದ ಮಣ್ಣು ಅದರ ತಳದಲ್ಲಿ ಹೂಳಾಗಿ ನಿಂತುದು ಮೇಲುನೋಟಕ್ಕೆ ಗೋಚರಿಸದು. ಮನುಷ್ಯನ ಯಕೃತ್ತಿನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಅಲ್ಲಿ ಹೂಳಾಗಿ ನಿಲ್ಲುವುದು ಕೊಬ್ಬು.

ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅಂಗದ ಮೂಲಕ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅಲ್ಲಿಯ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದರೆ ಅದೇ 'ಫ್ಯಾಟಿ ಲಿವರ್'. ಮದ್ಯವನ್ನು ಮುಟ್ಟದ ಸದ್ಗೃಹಸ್ಥರನ್ನೂ ಇದು ಬಿಡುವುದಿಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳು ಇದರ ಹತ್ತಿರದ ನೆಂಟರು.

ಕೊಬ್ಬು ನಿಂತ ಮಾತ್ರಕ್ಕೆ ಅನಾಹುತವಾಗುವುದೇ? ಹಾಗೇನೂ ಇಲ್ಲ. ಅನಾಹುತದ ಮೂಲವಿರುವುದು ಕಾವಲುಗಾರರ ಕೋಪದಲ್ಲಿ. ಕರುಳಿನಿಂದ ಬರುವ ರಕ್ತದಲ್ಲಿನ ಕ್ರಿಮಿಕಲ್ಮಷಗಳನ್ನು ನುಂಗಲು ಯಕೃತ್ತಿನೊಳಗೆ ಕುಪ್ಫರ್ ಕೋಶಗಳೆಂಬ ಕಾವಲು ಪಡೆಯಿದೆ. ಕಾರ್ಲ್ ಫಾನ್ ಕುಪ್ಫರ್ ಎಂಬ ಜರ್ಮನ್ ವಿದ್ವಾಂಸನು 1876ರಲ್ಲಿ ಇವನ್ನು ವರ್ಣಿಸಿದನು. ಕೊಬ್ಬಿನ ಭಾರದಿಂದ ನೊಂದ ಕೋಶಗಳು ರಾಸಾಯನಿಕ ಸಂಕೇತಗಳನ್ನು ಹೊರಡಿಸಿದಾಗ ಈ ಪಡೆ ಎಚ್ಚೆತ್ತು, ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳಿಗೆ ಕರೆ ಕಳುಹಿಸುತ್ತದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಮಾನೋಸೈಟ್ ಎಂಬ ಕಣಗಳು ಧಾವಿಸಿ ಬಂದು ಯಕೃತ್ತನ್ನು ಹೊಕ್ಕು ಭಕ್ಷಕಕೋಶಗಳಾಗುತ್ತವೆ. ನ್ಯೂಟ್ರೋಫಿಲ್, ಲಿಂಫೋಸೈಟ್‌ಗಳೂ ಜೊತೆಗೂಡುತ್ತವೆ. ಆದರೆ ಕೊಲ್ಲಬೇಕಾದ ಕ್ರಿಮಿ ಅಲ್ಲಿಲ್ಲ. ಯುದ್ಧ ಮಾತ್ರ ನಡೆಯುತ್ತದೆ. ಇದೇ ಉರಿಯೂತ. ವರ್ಷಗಟ್ಟಲೆ ಅದು ಮುಂದುವರಿದರೆ ಮೃದುವಾದ ಅಂಗದಲ್ಲಿ ನಾರು ಬೆಳೆದು, ಕೊನೆಗೆ ಅದು ಗಡುಸಾಗಿ 'ಸಿರೋಸಿಸ್' ಎನಿಸಿಕೊಳ್ಳುತ್ತದೆ.

ಆಶಾದಾಯಕ ಸಂಗತಿಯೊಂದಿದೆ. ನೋವಿನ ಕಾರಣವು ತೊಲಗಿದರೆ ಇದೇ ಭಕ್ಷಕಕೋಶಗಳು ಶಾಂತವಾಗಿ, ಬೆಳೆದ ನಾರನ್ನು ಕರಗಿಸಲು ತೊಡಗುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿಕೊಟ್ಟಿವೆ. ಮನುಷ್ಯರಲ್ಲಿಯೂ ದೇಹದ ತೂಕವು ನೂರಕ್ಕೆ ಏಳರಿಂದ ಹತ್ತು ಪಾಲು ಇಳಿದಾಗ ಬಹುಮಂದಿಯಲ್ಲಿ ಉರಿಯೂತವು ತಗ್ಗುತ್ತದೆ. ಎಂಬತ್ತು ಕಿಲೋ ತೂಗುವವರಿಗೆ ಇದು ಆರರಿಂದ ಎಂಟು ಕಿಲೋಗಳ ಮಾತು. ಉಪವಾಸದ ಹಟದಿಂದಲ್ಲ, ಮಿತಾಹಾರ ಮತ್ತು ದಿನನಿತ್ಯದ ನಡಿಗೆಯಿಂದ ನಿಧಾನವಾಗಿ ಸಾಧಿಸಬೇಕಾದ ಕೆಲಸವಿದು.

ಈ ರೋಗವು ಬಹುಕಾಲ ನೋವು ಕೊಡದು, ಆದ್ದರಿಂದಲೇ ಮನೆಯ ಯಜಮಾನರು "ನನಗೇನಾಗಿದೆ?" ಎಂದು ವೈದ್ಯರ ಬಳಿಗೆ ಹೋಗಲು ಒಲ್ಲೆನೆನ್ನುವುದುಂಟು. ಕೊಬ್ಬನ್ನು ಕಾಣಲು ಅಲ್ಟ್ರಾಸೌಂಡ್ ಪರೀಕ್ಷೆಯಿದೆ. ವಯಸ್ಸು, ಯಕೃತ್ತಿನ ಎರಡು ಕಿಣ್ವಗಳು ಹಾಗೂ ರಕ್ತದ ಪ್ಲೇಟ್‌ಲೆಟ್ ಎಣಿಕೆ, ಇಷ್ಟರಿಂದ ನಾರು ಬೆಳೆದಿರುವ ಸಂಭವವನ್ನು ವೈದ್ಯರು ಅಂದಾಜು ಮಾಡಬಲ್ಲರು. 2021ರಲ್ಲಿ ಭಾರತ ಸರ್ಕಾರವು ಸಕ್ಕರೆ ಕಾಯಿಲೆ, ಹೃದ್ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇದನ್ನೂ ಸೇರಿಸಿತು. ಸಕ್ಕರೆ ಕಾಯಿಲೆಯುಳ್ಳವರೂ ಸೊಂಟದ ಸುತ್ತಳತೆ ಹೆಚ್ಚಿದವರೂ ನೋವು ಬರುವವರೆಗೆ ಕಾಯದಿರುವುದು ಲೇಸು.

ಕೊಡಗಿನವರಿಗೊಂದು ಸಂತೋಷದ ಸುದ್ದಿ: ಕಾಫಿ ಕುಡಿಯುವವರ ಯಕೃತ್ತಿನಲ್ಲಿ ನಾರು ಬೆಳೆಯುವುದು ಕಡಿಮೆಯೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಆದರೆ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿದುಕೊಳ್ಳುವವರಿಗೆ ಈ ಸಮಾಧಾನವು ಸಲ್ಲದು!