ಟಿಎಂಸಿ ಗೊತ್ತು, ಶ್ರುತಿ ಗೊತ್ತಿಲ್ಲ!

ಮಳೆಗಾಲದಲ್ಲಿ ಆಲಮಟ್ಟಿ ಕಡೆ ಹೋದರೆ ಯಾವುದಾದರೂ ಚಾದಂಗಡಿ ಮುಂದೆ ಐದು ನಿಮಿಷ ನಿಂತು ಕೇಳಿ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್, 26 ಗೇಟಿನಲ್ಲಿ ಎಷ್ಟು ಎತ್ತಿದ್ದಾರೆ, ಡ್ಯಾಮಿನಲ್ಲಿ ಈಗ ಎಷ್ಟು ಟಿಎಂಸಿ... ಮೀಸೆ ಮೂಡದ ಹುಡುಗರೂ ಪಟಪಟ ಅಂತ ಹೇಳ್ತಾರೆ. ತುಂಬಿದಾಗ ಮಟ್ಟ 519.60 ಮೀಟರ್, ನೀರು 123 ಟಿಎಂಸಿ. ಏರಿಸಬೇಕು ಅಂತ ಜಗಳ ನಡೆದಿರೋದು 524.256 ಮೀಟರಿಗೆ. ಚುಕ್ಕಿ ಆದಮೇಲಿನ ಮೂರು ಅಂಕಿ ಸಮೇತ ಬಾಯಿಪಾಠ! ಇವರ್‍ಯಾರೂ ಇಂಜಿನಿಯರಿಂಗ್ ಓದಿದವರಲ್ಲ. ಹೊಲ ಮುಳುಗೋದು, ಕಾಲುವೆಗೆ ನೀರು ಬರೋದು ಆ ಪದಗಳ ಮೇಲೆ ನಿಂತಿದೆ. ದಿನಾ ಬೇಕಾಯ್ತು, ಕಲಿತರು. ಅಷ್ಟೇ.

ಹೀಗಿರುವಾಗ "ಹಳ್ಳಿ ಹುಡುಗರಿಗೆ ಶ್ರುತಿ, ಲಯ, ಸ್ಥಾಯಿ ಅಂತೆಲ್ಲಾ ಪದ ಯಾಕ್ರೀ? ಕೇಳಿ ಹಾಡಿದ್ರ ಸಾಕು" ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಒಬ್ಬನೇ ಬಚ್ಚಲುಮನೆಯಲ್ಲಿ ಹಾಡೋನಿಗೆ ಯಾವ ಪದವೂ ಬೇಡ, ಒಪ್ಪಿದೆ. ಐವತ್ತು ಜನ ಕೂಡಿ ಹಾಡಬೇಕು ಅಂದರೆ ಬೇಕೇ ಬೇಕು. ಯಾಕೆ ಅಂತ ಹೇಳ್ತೀನಿ.

ಸಮೂಹಗಾಯನದ ಅಭ್ಯಾಸ ನಡೆಯುವಾಗ ಮೇಷ್ಟ್ರು ಹೇಳೋ ಒಂದೇ ಮಾತು, "ಸ್ವಲ್ಪ ಏರಿಸ್ರಿ". ಏನನ್ನ ಏರಿಸಬೇಕು ಸ್ವಾಮಿ? ದನಿ ಜೋರು ಮಾಡಬೇಕೋ, ವೇಗ ಹೆಚ್ಚಿಸಬೇಕೋ, ಶ್ರುತಿಯನ್ನೇ ಮೇಲಕ್ಕೆ ಒಯ್ಯಬೇಕೋ? ಮೂರೂ ಬೇರೆ ಬೇರೆ. ಇಪ್ಪತ್ತು ಮಕ್ಕಳು ಜೋರಾಗಿ ಕೂಗ್ತಾರೆ, ಇಪ್ಪತ್ತು ಮಕ್ಕಳು ಓಡ್ತಾರೆ, ಉಳಿದ ಹತ್ತು ಮಕ್ಕಳು ಮೇಲಕ್ಕೆ ಹಾರ್ತಾರೆ. ಆಮೇಲೆ ಬೈಗುಳ ತಿನ್ನೋದು ಮಕ್ಕಳೇ.

ಇನ್ನೊಂದು. ಮೇಷ್ಟ್ರು ಮೊದಲ ಸಾಲನ್ನ ತಮಗೆ ತೋಚಿದ ಎತ್ತರದಲ್ಲಿ ಎತ್ತಿಕೊಡ್ತಾರೆ. ಚರಣಕ್ಕೆ ಬಂದು ಹಾಡು ತಾರ ಷಡ್ಜ ದಾಟಿದಾಗ ಅರ್ಧ ಮಕ್ಕಳು ಕಿರುಚ್ತಾರೆ, ಉಳಿದವರು ಕೆಳಗಿನ ಸ್ಥಾಯಿಗೆ ಜಾರ್ತಾರೆ. ಇದಕ್ಕೆ ಮದ್ದು ಒಂದೇ ಸಾಲಿನದು: ಶ್ರುತಿಯನ್ನ ಎರಡು ಮನೆ ಇಳಿಸಿ. ಆ ಪದ ಗೊತ್ತಿಲ್ಲದ ಕಡೆ ಮದ್ದು ಬೇರೆ: "ಏ, ನಿನ್ನ ದನಿ ಸರಿ ಇಲ್ಲ, ನೀ ಬರೇ ತುಟಿ ಆಡಿಸು".

ಎಂಟು, ಒಂಬತ್ತನೇ ಕ್ಲಾಸಿನ ಹುಡುಗರ ಕಥೆ ಇನ್ನೂ ಕಷ್ಟ. ಗಂಟಲು ಒಡೆದು ದನಿ ಒಂದು ಸ್ಥಾಯಿ ಕೆಳಗೆ ಇಳಿಯೋ ವಯಸ್ಸು ಅದು. ಅದು ಕಾಯಿಲೆಯೂ ಅಲ್ಲ, ಅಪಸ್ವರವೂ ಅಲ್ಲ. "ನೀನು ಕೆಳಗಿನ ಸ್ಥಾಯಿಯಲ್ಲಿ ಅದೇ ಸ್ವರ ಹಿಡಿ" ಅಂದರೆ ಮುಗೀತು. ಹಾಗೆ ಹೇಳೋರಿಲ್ಲ. ಹುಡುಗ ನಗೆಪಾಟಲಾಗಿ ಹಿಂದಿನ ಸಾಲಿಗೆ ಹೋಗ್ತಾನೆ, ಆಮೇಲೆ ಜನ್ಮದಲ್ಲಿ ಬಾಯಿ ಬಿಡಲ್ಲ. ತಪ್ಪಿಗೆ ಒಂದು ಹೆಸರಿದ್ದರೆ ತಿದ್ದಬಹುದು. ಹೆಸರಿಲ್ಲದಿದ್ದರೆ ಮಗುವೇ ತಪ್ಪು ಅಂತಾಗಿಬಿಡುತ್ತೆ. ನನ್ನ ಸಿಟ್ಟೆಲ್ಲಾ ಇದರ ಮೇಲೆಯೇ.

ನಾಡಗೀತೆ ವಿಷಯವನ್ನೇ ತಗೊಳ್ಳಿ. 2004ರಲ್ಲಿ ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆ ಆಯ್ತು. ಯಾವ ಧಾಟಿ, ಎಷ್ಟು ಹೊತ್ತು ಅಂತ ವರ್ಷಗಟ್ಟಲೆ ಜಗಳ ಆಯ್ತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಆದೇಶ ಬಂತು: ಮೈಸೂರು ಅನಂತಸ್ವಾಮಿ ಅವರ ಧಾಟಿ, ಆಲಾಪ ಇಲ್ಲ, ಪುನರಾವರ್ತನೆ ಇಲ್ಲ, 2 ನಿಮಿಷ 30 ಸೆಕೆಂಡು. 2024ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. ಸರಿ. ಈಗ ಎಲ್ಲರ ಬಾಯಲ್ಲೂ ನಿಮಿಷ, ಸೆಕೆಂಡು. ಎರಡೂವರೆ ನಿಮಿಷದಲ್ಲಿ ಮುಗಿಸಬೇಕಾದರೆ ಮೊದಲ ಆವರ್ತನದಲ್ಲೇ ಲಯ ಕೂರಬೇಕಲ್ವಾ? ಅದನ್ನ ಮಕ್ಕಳಿಗೆ ಹೇಳಿಕೊಡೋರು ಎಷ್ಟು ಜನ? ಗಡಿಯಾರ ನೋಡ್ಕೊಂಡು ಕೊನೇ ಸಾಲುಗಳಲ್ಲಿ ಬಸ್ಸು ಹಿಡಿಯೋ ಹಾಗೆ ಓಡೋದನ್ನ ಹಾಡು ಅನ್ನಲ್ಲ.

ಇಲ್ಲಿಗೆ ಬಂದಾಗ ನಮ್ಮ ಕಡೆಯವರು ಬ್ರಹ್ಮಾಸ್ತ್ರ ತೆಗೀತಾರೆ. ಆಲಮಟ್ಟಿ ಪಕ್ಕದಲ್ಲೇ ಬಸವನ ಬಾಗೇವಾಡಿ. "ಬಸವಣ್ಣನೇ ನನಗೆ ತಾಳಗೀಳ ತಿಳಿಯೋದಿಲ್ಲ, ಮನಸ್ಸು ಬಂದಂಗ ಹಾಡ್ತೀನಿ ಅಂದಾನಲ್ರೀ!" ಅಂತ. ಆ ವಚನವನ್ನ ಇನ್ನೊಮ್ಮೆ ಓದಿ ದಯವಿಟ್ಟು. ಯಾವುದು ತನಗೆ ತಿಳಿಯದು ಅಂತ ಹೇಳೋಕೆ ಅಣ್ಣ ಸಂಗೀತದ, ಛಂದಸ್ಸಿನ ಪಾರಿಭಾಷಿಕ ಪದಗಳನ್ನ ಒಂದಾದಮೇಲೊಂದು ಹೆಸರು ಹಿಡಿದು ಹೇಳ್ತಾನೆ! ಹೆಸರು ಗೊತ್ತಿದ್ದವನು ಬೇಡ ಅನ್ನೋದು ಬೇರೆ, ಗೊತ್ತೇ ಇಲ್ಲದವನು ಬೇಡ ಅನ್ನೋದು ಬೇರೆ. ಇನ್ನೂ ಒಂದು, ಅಲ್ಲಿ ಹಾಡ್ತಿರೋನು ಒಬ್ಬ, ಕೇಳೋನು ಕೂಡಲಸಂಗಮ. ಐವತ್ತು ಜನ ಒಬ್ಬೊಬ್ಬರೂ ತಮಗೆ ಒಲಿದ ಹಾಗೆ ಹಾಡಿದರೆ ಸಂತೆ ಆಗುತ್ತೆ.

"ಕಿವಿ ಒಂದಿದ್ರ ಸಾಕು" ಅನ್ನೋರಿಗೆ ಗದಗ ತೋರಿಸ್ತೀನಿ. ಪಂಚಾಕ್ಷರಿ ಗವಾಯಿಗಳಿಗೂ (1892-1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914-2010) ಕಣ್ಣಿರಲಿಲ್ಲ. ಕಿವಿಯೇ ಸರ್ವಸ್ವ. ಆದರೂ ಕರ್ನಾಟಕಿ, ಹಿಂದೂಸ್ತಾನಿ ಎರಡೂ ಶಾಸ್ತ್ರ ಕರತಲಾಮಲಕ. ಕಿವಿ ಮತ್ತು ಪದ ಒಂದಕ್ಕೊಂದು ವೈರಿ ಅಂತ ಯಾರು ಹೇಳಿದ್ದು? ಅಷ್ಟೇಕೆ, ನಮ್ಮ ತತ್ವಪದ, ಗೀಗೀ ಪದದವರ ಹತ್ತಿರವೂ ಪಲ್ಲ, ನುಡಿ, ಹಿಮ್ಮೇಳ ಅನ್ನೋ ಮಾತುಗಳಿವೆ. ಶಾಲೆಗೆ ಬಂದಾಗ ಮಾತ್ರ ನಾವು ಮೂಕರಾಗ್ತೀವಿ.

ಇದರಲ್ಲಿ ನಿಜವಾದ ತೊಡಕು ಒಂದಿದೆ, ಮುಚ್ಚಿಡಲ್ಲ. ನಮ್ಮ ರಾಜ್ಯದಲ್ಲಿ ಎರಡು ಸಂಗೀತ, ಎರಡು ಪದಕೋಶ. ಮೈಸೂರು ಕಡೆಯವರಿಗೆ ಸ್ಥಾಯಿ ಅಂದರೆ ಸ ದಿಂದ ಮೇಲಿನ ಸ ವರೆಗಿನ ಹರವು. ನಮ್ಮ ಕಡೆ ಅದು ಸಪ್ತಕ. ನಮ್ಮವರಿಗೆ ಸ್ಥಾಯಿ ಅಂದರೆ ಹಾಡಿನ ಮೊದಲ ಭಾಗ, ಅದು ಮುಗಿದ ಮೇಲೆ ಅಂತರಾ. ಮೈಸೂರಿನ ರೂಪಕ ತಾಳಕ್ಕೆ 6 ಅಕ್ಷರ, ನಮ್ಮ ರೂಪಕಕ್ಕೆ 7 ಮಾತ್ರೆ. ಅವರ ಶುದ್ಧ ಋಷಭ ನಮಗೆ ಕೋಮಲ ಋಷಭ. ನಾವು ಕಾಳಿ ಎರಡು ಅನ್ನೋ ಶ್ರುತಿ ಅವರಿಗೆ ಎರಡೂವರೆ ಮನೆ. ಆ ಕಡೆಯಿಂದ ವರ್ಗ ಆಗಿ ಬಂದ ಟೀಚರು "ತಾರ ಸ್ಥಾಯಿಗೆ ಹೋಗಿ" ಅಂದಾಗ ತಬಲಾ ಕಲಿತ ಹುಡುಗ ಹಾಡಿನ ಮೊದಲಿಗೆ ಬಂದು ನಿಂತರೆ ಅವನು ದಡ್ಡ ಅಲ್ಲ!

ಹಾಗಂತ ಬೆಂಗಳೂರಿನಿಂದ ಒಂದೇ ಪಟ್ಟಿ ತಂದು ಹೇರೋದು ಬೇಡ. ಎರಡೂ ಹೆಸರು ಕಲಿಸಿ. ನನ್ನ ಲೆಕ್ಕದಲ್ಲಿ ಹತ್ತು ಪದ ಸಾಕು: ಶ್ರುತಿ, ಸ್ವರ, ಸ್ಥಾಯಿ ಅಥವಾ ಸಪ್ತಕ, ಲಯ, ತಾಳ, ತಾಳ ಒಂದು ಸುತ್ತು ಮುಗಿಯೋ ಆವರ್ತನ, ಆ ಸುತ್ತಿನ ಮೊದಲ ಪೆಟ್ಟಾದ ಸಮ, ಹಾಡು ಶುರುವಾಗೋ ಜಾಗವಾದ ಎತ್ತುಗಡೆ, ಪಲ್ಲವಿ, ಚರಣ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ವಾರಕ್ಕೊಂದು ಪದ ಅಂದರೂ ಮೂರು ತಿಂಗಳೊಳಗೆ ಮುಗಿಯುತ್ತೆ. ಪರೀಕ್ಷೆ ಬೇಡ, ವ್ಯಾಖ್ಯೆ ಉರು ಹೊಡೆಸೋದು ಮೊದಲೇ ಬೇಡ. ಹಾಡಿಸುವಾಗ ಆ ಪದವನ್ನೇ ಬಳಸಿ, "ಏರಿಸ್ರಿ" ಅನ್ನೋದನ್ನ ಬಿಡಿ, ಸಾಕು. ಕ್ಯೂಸೆಕ್ ಕಲಿತ ಮಕ್ಕಳು ಆವರ್ತನ ಕಲಿಯಲ್ವಾ?

ನೀವೇನಂತೀರಿ? ನಿಮ್ಮ ಊರಿನ ಭಜನೆಯವರು, ಹಾಡಿನ ಮೇಷ್ಟ್ರು ಈ ಹತ್ತಕ್ಕೆ ಬೇರೆ ಹೆಸರು ಹೇಳ್ತಿದ್ದರೆ ದಯವಿಟ್ಟು ಬರೆದು ತಿಳಿಸಿ, ಪಟ್ಟಿಗೆ ಸೇರಿಸ್ತೀನಿ. ಜಗಳಕ್ಕೆ ಬರೋದಾದರೂ ಸ್ವಾಗತ. ಏನನ್ನ ಏರಿಸ್ತಿದ್ದೀರಿ ಅಂತ ಮಾತ್ರ ಮೊದಲೇ ಹೇಳಿಬಿಡಿ :)