ಖೋ ಕೊಟ್ಟವಳ ಲೆಕ್ಕ

ಖೋ ಖೋ ಆಟದಲ್ಲಿ ಮುಟ್ಟಿದವಳಿಗೆ ಹೆಸರು, ತಪ್ಪಿಸಿಕೊಂಡು ಓಡಿದವಳಿಗೂ ಹೆಸರು. ಖೋ ಕೊಟ್ಟವಳಿಗೆ ಮಾತ್ರ ಏನೂ ಇಲ್ಲ. ಇದು ಅನ್ಯಾಯ ಎಂದು ನಾನು ಹೇಳಿದಾಗಲೆಲ್ಲ "ಟೀಚರ್ರಿಗೆ ಪಾಠ ಬಿಟ್ಟು ಆಟದ ಉಸಾಬರಿ ಯಾಕ?" ಎಂದು ನಕ್ಕವರೇ ಹೆಚ್ಚು. ನಗಲಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದು ವರ್ಗವಾದಲ್ಲೆಲ್ಲ ನನ್ನ ಹೈಸ್ಕೂಲಿನಲ್ಲಿ ಕಲಿತ ಹುಡುಗಿಯರು ಮುಂದೆ ಕಾಲೇಜು ತಂಡಗಳಲ್ಲಿ ಆಡಿದ್ದಾರೆ. ಅವರ ಪಂದ್ಯಗಳನ್ನು ಬಿಸಿಲಲ್ಲಿ ನಿಂತು ನೋಡಿದ್ದೇನೆ. ನೋಡಿದ್ದನ್ನೇ ಹೇಳುತ್ತಿದ್ದೇನೆ.

ನೀವೂ ಶಾಲೆಯಲ್ಲಿ ಲಂಗ ಎತ್ತಿ ಕಟ್ಟಿ ಆಡಿದವರೇ, ಸ್ವಲ್ಪ ನೆನಪು ಮಾಡಿಕೊಳ್ಳಿ. ಎಂಟು ಜನ ಸಾಲಾಗಿ, ಒಬ್ಬಳು ಈ ಕಡೆ ಇನ್ನೊಬ್ಬಳು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಅವಳು ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವವಳಿಗೆ ಈ ಕಟ್ಟುಗಳಿಲ್ಲ. ಕೂತವರ ನಡುವೆ ನುಸುಳಿ ಆ ಕಡೆಗೆ ಹಾರಿಬಿಡುತ್ತಾಳೆ. ಹೀಗಾಗಿ ಬೆನ್ನಟ್ಟುವವಳು ಚಿರತೆಯಂತೆ ಓಡಿದರೂ ಒಂಟಿಯಾಗಿ ಗೆಲ್ಲುವುದು ಕಷ್ಟ. ಸರಿಯಾದ ಗಳಿಗೆಗೆ, ಸರಿಯಾದವಳ ಬೆನ್ನಿಗೆ ಖೋ ಕೊಡಬೇಕು. ಆಟದ ಹೆಸರೇ ಅದು. ಆದರೆ ಅಂಕದ ಹಾಳೆಯಲ್ಲಿ ಏನು ಬರೆಯುತ್ತಾರೆ? ಯಾರು ಔಟಾದಳು, ಎಷ್ಟು ಹೊತ್ತಿಗೆ ಔಟಾದಳು, ಯಾರು ಮುಟ್ಟಿದಳು. ಆ ಮುಟ್ಟುವಿಕೆಗೆ ದಾರಿ ಮಾಡಿದ ನಾಲ್ಕೈದು ಖೋಗಳು ಧೂಳಿನಲ್ಲಿ ಹೋಗುತ್ತವೆ.

ಇನ್ನೊಂದು ಸಂಗತಿಯಿದೆ. ಕೂತ ಜಾಗವೇ ಲೆಕ್ಕವನ್ನು ಹೆಚ್ಚುಕಡಿಮೆ ಮಾಡುತ್ತದೆ. ಓಡುವವಳನ್ನು ಒತ್ತಿ ಒತ್ತಿ ಕಂಬದ ಕಡೆ ತಂದರೆ, ಅಲ್ಲಿ ಕೂತವಳು ಎದ್ದು, ಕಂಬ ಹಿಡಿದು ಹಾರಿ ಮುಟ್ಟುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ, ಅದು ಸಣ್ಣ ಕೆಲಸವಲ್ಲ, ಮೊಣಕೈ ಕೆತ್ತಿಹೋಗುತ್ತದೆ. ಆದರೆ ನಡುವಿನ ಚೌಕಗಳಲ್ಲಿ ಕೂತ ನಾಲ್ವರು ಒತ್ತಿ ತರದಿದ್ದರೆ ಕಂಬದ ಹತ್ತಿರ ಯಾರು ಬರುತ್ತಿದ್ದರು? ಕಂಬದವಳಿಗೆ ಐದು ಔಟು, ನಡುವಿನವಳಿಗೆ ಒಂದು ಔಟು ಎಂದರೆ ಮೊದಲನೆಯವಳು ಐದು ಪಟ್ಟು ಹೆಚ್ಚು ಎಂದಲ್ಲ. ಅವರು ಕೂತ ಜಾಗ ಬೇರೆ, ಮಾಡಿದ ಕೆಲಸವೂ ಬೇರೆ.

ಇದು ಬರೀ ಆಟದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಕಡೆಯ ಹಳ್ಳಿ ಹುಡುಗಿಗೆ ವಿಶ್ವವಿದ್ಯಾಲಯದ ತಂಡದ ಒಂದು ಪ್ರಮಾಣಪತ್ರ ಎಂದರೆ ಏನೆಂದು ನಿಮಗೆ ಗೊತ್ತು. ಅದರಿಂದ ಕ್ರೀಡಾ ಕೋಟಾದ ಆಸೆ, ಬಿ.ಪಿ.ಎಡ್. ಸೀಟಿನ ಆಸೆ, ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ "ಇನ್ನೊಂದು ವರ್ಷ ಓದಲಿ ಬಿಡು" ಎನ್ನಿಸುವ ಬಲ. ಹುನಗುಂದದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಾಲೇಜು ತಂಡದಲ್ಲಿ ಎರಡು ವರ್ಷ ನಡುವಿನ ಚೌಕದಲ್ಲಿ ಕೂತು ಆಡಿದಳು. ಆಯ್ಕೆ ಮಾಡುವವರು ಹಾಳೆ ತಿರುವಿ ಹಾಕಿ, ಔಟು ಕಡಿಮೆ ಎಂದು ಅವಳನ್ನು ಕೈಬಿಟ್ಟರು. "ಟೀಚರ್ರೀ, ನಾ ಖೋ ಕೊಟ್ಟಿದ್ದಕ್ಕ ಆಕಿ ಮುಟ್ಟಿದ್ಲರೀ. ಹಾಳ್ಯಾಗ ನನ್ನ ಹೆಸರ ಇಲ್ರೀ" ಎಂದಳು. ಮುಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

"ಟೀಚರ್ರ, ಕೊನೆಗೆ ಅಂಕ ಕೊಡುವುದು ಮುಟ್ಟಿದ್ದಕ್ಕೇ ಅಲ್ಲವೇ?" ಎನ್ನುತ್ತಾರೆ. ಹೌದು, ಆದರೆ ಆ ಅಂಕ ತಂಡದ್ದು. ಒಬ್ಬೊಬ್ಬಳ ಪಾಲು ತೂಗುವಾಗ ತಂಡದ ಅಂಕವನ್ನು ಒಬ್ಬಳ ಉಡಿಗೆ ಹಾಕುವುದು ಎಂಥ ತೂಕ? "ಅದನ್ನೆಲ್ಲ ಬರೆಯುವವರು ಯಾರು?" ಎಂದೂ ಕೇಳುತ್ತಾರೆ. ಅಂಗಳದಲ್ಲಿ ಒಂಬತ್ತು ಮಂದಿ ಆಡುವಾಗ ಬದಲಿ ಆಟಗಾರ್ತಿಯರು ಹೊರಗೆ ಕೂತಿರುತ್ತಾರಲ್ಲ, ಅವರ ಕೈಗೆ ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು ಕೊಡಿ. ಪ್ರತಿ ಔಟಿಗೂ ಅದರ ಹಿಂದಿನ ಎರಡು ಖೋ ಯಾರದೆಂದು ಬರೆಯಲಿ. ಚೌಕ ದಾಟಿದ ಮೇಲೆ ಖೋ ಕೊಟ್ಟವಳು ಯಾರು, ಖೋ ಬೀಳುವ ಮುಂಚೆ ಎದ್ದವಳು ಯಾರು ಎಂದು ಫೌಲುಗಳನ್ನೂ ಬರೆಯಲಿ. ಹತ್ತು ಪಂದ್ಯಗಳಾಗುವಷ್ಟರಲ್ಲಿ ತಂಡ ನಡೆಸುವವಳು ಯಾರೆಂದು ತಾನಾಗಿಯೇ ಗೊತ್ತಾಗುತ್ತದೆ. ನಾನು ಮೆಚ್ಚುಗೆಯ ಮಾತು ಕೇಳುತ್ತಿಲ್ಲ, ಸರಿಯಾದ ಲೆಕ್ಕ ಕೇಳುತ್ತಿದ್ದೇನೆ. ಆ ಲೆಕ್ಕದಲ್ಲಿ ನನ್ನ ಹುಡುಗಿ ಹಿಂದೆ ಬಿದ್ದರೆ ಬೀಳಲಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಮೈಸೂರು ಜಿಲ್ಲೆಯ ಹಳ್ಳಿಯ ಹುಡುಗಿ ಚೈತ್ರಾ ಆ ಫೈನಲ್‌ನಲ್ಲಿ ಐದು ನಿಮಿಷ ದಾಟಿದ ಓಟದಿಂದ ಹೆಸರಾದಳು. ಎಂಥ ಸಂತೋಷ! ಓಡಿದ್ದು ಗಡಿಯಾರದಲ್ಲಿ ಕಾಣುತ್ತದೆ, ಮುಟ್ಟಿದ್ದು ಅಂಕದಲ್ಲಿ ಕಾಣುತ್ತದೆ. ಖೋ ಕೊಟ್ಟದ್ದನ್ನು ಕಾಣಲು ಮಾತ್ರ ಯಾರಾದರೂ ಕಣ್ಣಿಟ್ಟು ನೋಡಬೇಕು.

ಇಳಕಲ್ಲಿನ ಸೀರೆ ಉಡುವ ನಮಗೆ ಇದು ಹೊಸ ಮಾತಲ್ಲ. ಮಗ್ಗದಲ್ಲಿ ಕೂತವನನ್ನು ನೇಕಾರ ಎನ್ನುತ್ತೇವೆ. ಕಂಡಿಕೆ ಸುತ್ತಿದ ಹೆಂಡತಿ, ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿದ ಕೈ, ಇವು ಯಾವ ಲೆಕ್ಕದ ಪುಸ್ತಕದಲ್ಲಿವೆ? ಕೊಂಡಿ ಬಿಚ್ಚಿದರೆ ಸೆರಗು ಎಲ್ಲಿ ನಿಂತೀತು?

ಆದ್ದರಿಂದ ನಿಮಗೊಂದು ಮಾತು. ನಿಮ್ಮ ಊರಿನ ಕಾಲೇಜಿನಲ್ಲಿ ಹುಡುಗಿಯರ ಪಂದ್ಯ ನಡೆದರೆ ಹೋಗಿ ನೋಡಿ. ಬಹುಮಾನ ಹಂಚುವಾಗ ಸುಮ್ಮನೆ ಕೂತು ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು, "ಖೋ ಕೊಟ್ಟವರು ಯಾರ್ರೀ?" ಎಂದು ಕೇಳಿ. ಕೇಳುವವರು ನಾಲ್ಕು ಜನರಾದರೆ ಬರೆಯುವವರು ಹುಟ್ಟುತ್ತಾರೆ.